ಮೂವತ್ತೊಂದು ಹೆಜ್ಜೆ

ನಮ್ಮೂರಿನಿಂದ ಹೊರಗೆ ಹೋಗಲು ಇರುವುದು ಕಡಲ ದಾರಿ ಒಂದೇ. ಬೆನ್ನಿಗೆ ಗುಡ್ಡ, ಎರಡು ಪಕ್ಕಕ್ಕೂ ಬಂಡೆ, ಎದುರಿಗೆ ನೀರು. ಹೋಗುವವರು ಗಾಳಿಮರಗಳ ಸಾಲು ದಾಟಿ, ಮರಳ ಮೇಲೆ ನಡೆದು, ದೋಣಿ ಹತ್ತಬೇಕು. ಹಾಗೆ ಹೋದವರು ತಿರುಗಿ ಬರುವ ತನಕ ಅವರ ಹೆಜ್ಜೆ ಮರಳಿನಿಂದ ಅಳಿಯುವುದಿಲ್ಲ. ಅಲೆ ಮೇಲೆ ಹರಿದು ಹೋಗುತ್ತದೆ, ಮಳೆಗಾಲದ ಕಡಲು ಗಾಳಿಮರದ ಬೇರಿನ ತನಕ ಬಂದು ಹೋಗುತ್ತದೆ, ನೀರು ಇಳಿದಾಗ ಹೆಜ್ಜೆ ಇದ್ದಲ್ಲೇ ಇರುತ್ತದೆ. ಹೋದವರು ಬಂದು ಊರ ನೆಲ ಮೆಟ್ಟಿದ ದಿನ, ಮುಂದಿನ ಅಲೆಯೇ ಅದನ್ನು ಒಯ್ಯುತ್ತದೆ.

ಆದ್ದರಿಂದ ನಮ್ಮಲ್ಲಿ ಯಾರೂ "ನಿಮ್ಮವರು ಬಂದರಾ?" ಎಂದು ಕೇಳುವುದಿಲ್ಲ. ಮರಳು ನೋಡಿದರೆ ಗೊತ್ತಾಗುತ್ತದೆ. ಸಿಟ್ಟಿನಲ್ಲಿ ಹೋದವರ ಹಿಮ್ಮಡಿ ಆಳವಾಗಿ ಕೂತಿರುತ್ತದೆ. ಮನೆಯ ಜಗಳ ಮುಚ್ಚಿಡಲು ಆಗುವುದಿಲ್ಲ. ತವರಿಗೆ ಹೊರಟ ಸೊಸೆಯಂದಿರು ಬೇಕೆಂದೇ ಹಗುರವಾಗಿ ಕಾಲಿಡುತ್ತಾರೆ. ಬಹಳ ದಿನಕ್ಕೆ ಹೋಗುವವರು ಬೇರೆಯವರ ಹೆಜ್ಜೆ ತುಳಿಯದಂತೆ ಬದಿಯಿಂದ ನಡೆಯುತ್ತಾರೆ. ಎಷ್ಟೋ ವರ್ಷದಿಂದ ಹೀಗೆ ಹೋದವರ ಗುರುತು ಸೇರಿ ಸೇರಿ, ನನ್ನ ಚಿಕ್ಕಂದಿನಲ್ಲಿ ನಮ್ಮ ದಂಡೆ ಸಾವಿರಾರು ಜನ ಈಗಷ್ಟೇ ಎದ್ದು ಹೋದ ಅಂಗಳದಂತೆ ಕಾಣುತ್ತಿತ್ತು.

ನನ್ನ ಅಮ್ಮ ಯಮುನೆಯ ಹೆಜ್ಜೆ ಮೂವತ್ತೊಂದು. ಅವಳು ಹೋದಾಗ ನನಗೆ ಆರು ವರ್ಷ. ಅಪ್ಪ ಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ಒಣಮೀನು ಒಯ್ಯುವ ಪರವೂರಿನ ದೋಣಿ ಬಂದಿದ್ದ ದಿನ, ಕೊಲ್ಲಿಯ ಆಚೆ ಬಂದರಿನಲ್ಲಿ ಕೆಲಸವಿದೆ, ಎಂಟು ದಿನದಲ್ಲಿ ಬರುತ್ತೇನೆ ಎಂದು ಅಜ್ಜಿಗೆ ಹೇಳಿ ಹೊರಟಳು. ಅಜ್ಜಿ ಎಂದರೆ ಅಪ್ಪನ ತಾಯಿ. ಆಮೇಲೆ ಅಮ್ಮನ ಹೆಸರೆತ್ತಿದರೆ ಅಜ್ಜಿ ಕೂತಲ್ಲಿಂದ ಎದ್ದು ಹೋಗುತ್ತಿದ್ದಳು. ಹಾಗಾಗಿ ಅಮ್ಮನ ಬಗ್ಗೆ ನನಗೆ ತಿಳಿದದ್ದೆಲ್ಲ ಆ ಮೂವತ್ತೊಂದು ಹೆಜ್ಜೆಯಿಂದ ತಿಳಿದದ್ದು. ಎಡಗಾಲು ಸ್ವಲ್ಪ ಹೊರಕ್ಕೆ ಹಾಕುತ್ತಿದ್ದಳು. ಕಿರುಬೆರಳು ನೆಲಕ್ಕೆ ತಾಗುತ್ತಿರಲಿಲ್ಲ. ಹತ್ತೊಂಬತ್ತನೆಯ ಹೆಜ್ಜೆ ಮಾತ್ರ ತಿರುಗಿತ್ತು. ಬೆರಳು ಊರ ಕಡೆಗೆ, ಹಿಮ್ಮಡಿ ಕಡಲ ಕಡೆಗೆ. ಅಲ್ಲಿ ನಿಂತು ಹಿಂದಕ್ಕೆ ನೋಡಿದ್ದಳು. ಚಿಕ್ಕವಳಿದ್ದಾಗ ದಿನವೂ ಹೋಗಿ ಆ ಹೆಜ್ಜೆಯೊಳಗೆ ನನ್ನ ಕಾಲಿಟ್ಟು ನಿಲ್ಲುತ್ತಿದ್ದೆ. ಹದಿಮೂರನೆಯ ವಯಸ್ಸಿಗೆ ಸರಿಯಾಗಿ ಕೂತಿತು. ಹದಿನಾರಕ್ಕೆ ಹಿಡಿಸಲಿಲ್ಲ. ಪರವೂರಿನ ದೋಣಿಯವರನ್ನು ಕೇಳಿದರೆ, "ದೊಡ್ಡ ಬಂದರಮ್ಮ, ಅಲ್ಲಿ ಯಾರು ಯಾರಿಗೆ ಗೊತ್ತು" ಎಂದು ಮುಖ ತಿರುಗಿಸುತ್ತಿದ್ದರು. ನಾನೇ ಹೋಗಿ ಹುಡುಕಬಹುದಿತ್ತು. ನಾನು ಹೋದ ದಿನವೇ ಅವಳು ಬಂದುಬಿಟ್ಟರೆ ಎಂಬ ಭಯಕ್ಕೆ ನಲವತ್ತಮೂರು ವರ್ಷವಾದರೂ ಊರು ಬಿಟ್ಟಿರಲಿಲ್ಲ. ಮೀನು ಸೀಳಿ ಒಣಗಿಸುವುದು ನನ್ನ ಕೆಲಸ. ನನ್ನ ಗಂಡ ಗಣಪನದು ದೋಣಿ ಕೆಲಸ. ಅವನು ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಬರುವವನು, ಅವನ ಹೆಜ್ಜೆ ಯಾವತ್ತೂ ಉಳಿದದ್ದಿಲ್ಲ.

ಕಡಲಾಮೆಗಳ ಸಂಗತಿ ಶುರುವಾದದ್ದು ತೊಳಸಕ್ಕನಿಂದ. ತೊಳಸಕ್ಕ ಪ್ರಾಯದಲ್ಲಿ ಆಮೆಮೊಟ್ಟೆ ಮಾರುತ್ತಿದ್ದವಳು. ಮರಳಿಗೆ ಕೋಲು ಚುಚ್ಚಿ, ಅದು ಇಳಿದ ರೀತಿಯಿಂದಲೇ ಕೆಳಗೆ ಗೂಡು ಇದೆಯೋ ಇಲ್ಲವೋ ಹೇಳುತ್ತಿದ್ದಳು. ಊರಿನ ಎಲ್ಲ ಮನೆಯಲ್ಲೂ ಅವಳು ತಂದ ಮೊಟ್ಟೆ ತಿಂದಿದ್ದಾರೆ, ನಾನೂ ತಿಂದಿದ್ದೇನೆ. ಹನ್ನೊಂದು ವರ್ಷದ ಹಿಂದೆ ಒಂದು ಚಳಿಗಾಲ ಒಂದೇ ಒಂದು ಆಮೆಯೂ ಬರಲಿಲ್ಲ. ತೊಳಸಕ್ಕ ಕೋಲು ಹಿಡಿದು ದಂಡೆಯ ಈ ತುದಿಯಿಂದ ಆ ತುದಿಗೆ ಎರಡು ತಿಂಗಳು ಅಲೆದಳು. ಕೊನೆಗೆ ಊರ ಸಭೆಯಲ್ಲಿ ಎದ್ದು ನಿಂತು, "ಅವು ಬರೂದು ನಿಲ್ಸಿದ್ದಲ್ಲ, ನಾನು ನಿಲ್ಸಿದ್ದು" ಎಂದು ಕೋಲನ್ನು ಮುರಿದು ಹಾಕಿದಳು. ಬಲೆ ಹೆಣೆಯುವ ಇಸ್ಮಾಯಿಲ್ ಸಾಬರು, "ನೀನೊಬ್ಬಳೇ ತಿಂದದ್ದಾ ಮಾರಾಯ್ತಿ? ನಾವೆಲ್ಲ ತಿಂದದ್ದು" ಎಂದರು. ಆ ದಿನ ಊರು ಒಪ್ಪಿಕೊಂಡಿತು: ಮೊಟ್ಟೆ ತೆಗೆಯುವುದಿಲ್ಲ. ಆಮೆ ಬರುವ ನಾಲ್ಕು ತಿಂಗಳು ದಂಡೆಯ ಹತ್ತಿರ ಬಲೆ ಬೀಸುವುದಿಲ್ಲ. ಕಡಲಿಗೆ ಮುಖ ಮಾಡಿದ ಕಿಟಕಿಗಳಿಗೆ ಗೋಣಿತಾಟು ಕಟ್ಟುವುದು, ಮರಿಗಳು ಬೆಳಕು ನೋಡಿ ಊರೊಳಗೆ ಬರಬಾರದೆಂದು. ನಾಯಿ, ನರಿಗಳಿಂದ ಕಾಯಲು ಮನೆಗೊಬ್ಬರು ಸರದಿ.

ಮೂರನೆಯ ವರ್ಷ ಒಂದು ಆಮೆ ಬಂತು. ಊರಿಗೆ ಊರೇ ದೂರ ನಿಂತು ನೋಡಿತು. ಗೂಡಿನ ಸುತ್ತ ಹಳೆಯ ಬಲೆ ಕಟ್ಟಿ ಐವತ್ತು ದಿನ ಕಾದೆವು. ರಾತ್ರಿ ಕತ್ತಲಲ್ಲಿ ಮರಿಗಳು ಎದ್ದು ಹೋದ ಮಾರನೆಯ ಮಧ್ಯಾಹ್ನ ತೊಳಸಕ್ಕ ಒಂದು ಬುಟ್ಟಿ ಹೊತ್ತು ಮನೆಮನೆಗೆ ಬಂದಳು. ಬುಟ್ಟಿಯಲ್ಲಿ ಸತ್ತ ಮರಿಗಳಿದ್ದವು, ಎಂಬತ್ತನಾಲ್ಕು. ನೀರಿನ ಕಡೆ ಹೋಗುವಾಗ ಹೆಜ್ಜೆಗಳೊಳಗೆ ಬಿದ್ದು, ಬೆನ್ನಡಿಯಾಗಿ, ಏಳಲಾಗದೆ ಕಾಲು ಬಡಿಯುತ್ತ ಬಿಸಿಲಿಗೆ ಸತ್ತದ್ದು. ಕಾಗೆ ಒಯ್ದದ್ದು ಎಷ್ಟೋ. "ನಿಮ್ಮ ತಮ್ಮನ ಹೆಜ್ಜೇಲಿ ಮೂರು. ನಿಮ್ಮ ಮಾವನ ಹೆಜ್ಜೇಲಿ ಐದು" ಎಂದು ಒಂದೊಂದು ಮನೆಯ ಜಗಲಿಯ ಮೇಲೂ ಲೆಕ್ಕದ ಮರಿ ಇಟ್ಟು ಹೋದಳು. ನಮ್ಮ ಮನೆಗೆ ಬಂದವಳು ಬುಟ್ಟಿ ಇಳಿಸಲೇ ಇಲ್ಲ. ಒಂದು ಲೋಟ ನೀರು ಕುಡಿದು ಮುಂದಕ್ಕೆ ಹೋದಳು.

ಏನೇನೋ ಮಾಡಿ ನೋಡಿದೆವು. ಹೆಜ್ಜೆಯ ಮೇಲೆ ಹಲಗೆ ಮುಚ್ಚಿದರೆ ಉಬ್ಬರ ಬಂದಾಗ ಅಲೆ ಅದನ್ನು ಎತ್ತಿ ಪಕ್ಕಕ್ಕಿಡುತ್ತಿತ್ತು. ಮರಿಗಳನ್ನು ಬುಟ್ಟಿಯಲ್ಲಿ ಹೊತ್ತು ನೀರಿಗೆ ಬಿಡೋಣವೆಂದರೆ ತೊಳಸಕ್ಕ ಒಪ್ಪಲಿಲ್ಲ. "ಅವು ತಾವೇ ನಡೀಬೇಕು. ಹೊತ್ತು ಹಾಕಿದ್ರೆ ಈ ಮರಳಿನ ಗುರ್ತು ಅವುಕ್ಕೆ ಹತ್ತೂದಿಲ್ಲ. ದೊಡ್ಡ ಆದ್ಮೇಲೆ ಮೊಟ್ಟೆ ಇಡೂಕೆ ಎಲ್ಲಿಗೆ ಬರಬೇಕು ಅವು?" ಎಂದಳು. ಉಳಿದದ್ದು ಹೆಜ್ಜೆ ತುಂಬುವುದು. ಅದಕ್ಕೂ ಒಂದು ಕಟ್ಟು ಇತ್ತು. ಬೇರೆಯವರು ತುಂಬಿದ ಮರಳು ಮಾರನೆಯ ಬೆಳಿಗ್ಗೆಗೆ ಕುಸಿದು, ಹೆಜ್ಜೆ ಮೊದಲಿನಂತೆ ಬಾಯಿ ತೆರೆದುಕೊಂಡಿರುತ್ತಿತ್ತು. ಆ ಮನೆಯವರ ಕೈಯೇ ಆಗಬೇಕು. ಮನೆಯವರು ತುಂಬಿದರೆ ನಿಲ್ಲುತ್ತಿತ್ತು. ಆದರೆ ತುಂಬಿದ ಮೇಲೆ ಹೋದವರು ಯಾವ ಗುರುತು ಹಿಡಿದು ಬರುತ್ತಾರೆ? ಹೆಜ್ಜೆ ತುಂಬುವುದೆಂದರೆ ಇನ್ನು ಕಾಯುವುದಿಲ್ಲ ಎಂದು ಹೇಳಿದ ಹಾಗೆ.

ಮೊದಲು ಮುಂದೆ ಬಂದವರು ಇಸ್ಮಾಯಿಲ್ ಸಾಬರು. ಅವರ ಅಣ್ಣ ಹೋಗಿ ನಲವತ್ತು ವರ್ಷವಾಗಿತ್ತು. ಸಾಬರು ತಲೆಯ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು, ಒಂದೊಂದು ಹೆಜ್ಜೆಯ ಮುಂದೆಯೂ ಕೂತು, ಎರಡು ಕೈಯಿಂದ ಮರಳು ತುಂಬಿ, ಮಗುವಿನ ತಲೆ ಸವರುವಂತೆ ಮೇಲೆ ಸವರಿದರು. ಮುಗಿದ ಮೇಲೆ, "ಬರೋನಾದ್ರೆ ಮನೆ ಗೊತ್ತುಂಟು ಅವನಿಗೆ" ಎಂದರು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಕೆಲವರು ಹೂವು ತಂದರು, ಕೆಲವರು ಬೈಯುತ್ತ ತುಂಬಿದರು, ಒಬ್ಬಳು ಹಾಡಿದಳು. ಆರು ವರ್ಷದಲ್ಲಿ ದಂಡೆಯ ಬಹುಭಾಗ ನುಣುಪಾಯಿತು. ಗೂಡುಗಳ ಸಂಖ್ಯೆ ಏರಿತು, ಮರಿಗಳು ಎಲ್ಲೂ ಎಡವದೆ ನೀರು ಸೇರತೊಡಗಿದವು. ಒಪ್ಪದೆ ಉಳಿದ ಮನೆ ಆರೇ ಆರು. ಅದರಲ್ಲಿ ಕಮಲಿಯದೊಂದು, ನನ್ನದೊಂದು. ಕಮಲಿಗೆ ಮೂವತ್ತು ವರ್ಷವೂ ಆಗಿರಲಿಲ್ಲ. ಗಂಡ ಹೋಗಿ ನಾಲ್ಕು ವರ್ಷ, ಅವನ ಹೆಜ್ಜೆ ಅಮ್ಮನ ಹೆಜ್ಜೆಗಿಂತ ಸ್ವಲ್ಪ ದಕ್ಷಿಣಕ್ಕೆ. ಬೆಳಿಗ್ಗೆ ನಾವಿಬ್ಬರೂ ನಮ್ಮ ನಮ್ಮ ಸಾಲು ನೋಡಲು ಹೋದಾಗ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಗೂಡು ಕಾಯುವ ಸರದಿಗೆ ಮಾತ್ರ ನಾನು ಒಂದು ದಿನವೂ ತಪ್ಪಿಸಿಕೊಂಡವಳಲ್ಲ. ಆದರೂ ಊರಿನವರ ಕಣ್ಣು ನನ್ನ ಮೇಲೆ ಇದ್ದದ್ದು ನನಗೆ ಗೊತ್ತಿತ್ತು. ತೊಳಸಕ್ಕ ಒಬ್ಬಳೇ ನನ್ನೆದುರು ಹೆಜ್ಜೆ ತುಂಬುವ ಮಾತು ಎತ್ತುತ್ತಿರಲಿಲ್ಲ.

ಹೋದ ವರ್ಷ ಒಂದು ಆಮೆ ಬಂದು ಅಮ್ಮನ ಹೆಜ್ಜೆಗಳ ನೇರಕ್ಕೆ, ಮೇಲೆ, ಗಾಳಿಮರದ ಹತ್ತಿರ ಗೂಡು ಮಾಡಿತು. ಗಾಳಿಗೆ ಅದರ ಜಾಡು ಮುಚ್ಚಿಹೋಗಿ ನಮಗೆ ತಿಳಿದದ್ದು ಮೂರನೆಯ ದಿನ. "ಮೊಟ್ಟೆ ತೆಗೆದು ಬೇರೆ ಕಡೆ ಇಡಬಹುದಾ?" ಎಂದು ತೊಳಸಕ್ಕನನ್ನು ಕೇಳಿದೆ. ಅವಳು ತಲೆ ಅಲ್ಲಾಡಿಸಿದಳು. "ಇಟ್ಟ ದಿನವೇ ಆಗಿದ್ರೆ ಆಗ್ತಿತ್ತು. ಈಗ ಅಲುಗಿಸಿದ್ರೆ ಒಳಗೇ ಸಾಯ್ತವೆ." ಅಷ್ಟು ಹೇಳಿ ಬಲೆ ಕಟ್ಟಲು ಗೂಟ ಹೊಡೆಯತೊಡಗಿದಳು. ನಾನು ಗೂಟ ಹಿಡಿದುಕೊಂಡೆ.

ಐವತ್ತು ದಿನ. ನಾನು ಮೀನು ಸೀಳುವಾಗಲೂ, ಅನ್ನ ಬಸಿಯುವಾಗಲೂ ಅದೇ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಗಣಪ, "ನಿನ್ನ ಕೈಗೆ ಆಗದಿದ್ರೆ ಬೇಡ. ಆದ್ರೆ ಆಗೂದಿಲ್ಲ ಅಂತ ದಿನಾ ಸಾಯಬೇಡ" ಎಂದ. ಆ ಸಂಜೆ ನಾನು ತೊಳಸಕ್ಕನ ಮನೆಗೆ ಹೋದೆ. "ಎಲ್ಲರಿಗೂ ಹೇಳಿದೆ ನೀನು, ಬುಟ್ಟಿ ಹೊತ್ತು ಮನೆಮನೆಗೆ ಹೋದೆ. ನನಗೆ ಯಾಕೆ ಇಷ್ಟು ವರ್ಷ ಒಂದು ಮಾತೂ ಹೇಳಲಿಲ್ಲ?" ಎಂದು ಕೇಳಿದೆ.

ತೊಳಸಕ್ಕ ಮೊರದ ಅಕ್ಕಿಯಲ್ಲಿ ಇನ್ನೊಂದು ಕಲ್ಲು ಹುಡುಕಿ ತೆಗೆದಳು. ಆಮೇಲೆ ಹೇಳಿದಳು: "ನಿನ್ನ ಅಮ್ಮ ಹೋಪ ದಿನ ನಾನು ದಂಡೆ ಮೇಲೆ ಇದ್ದೆ ತಂಗಿ. ಮೊಟ್ಟೆ ಬುಟ್ಟಿ ಹಿಡ್ಕಂಡು. ನೀನು ಅವಳ ಹಿಂದೇ ಓಡಿ ಬಂದೆ. ಅಮ್ಮಾ ಅಂತ ಕೂಗಿದೆ. ಅವಳು ನಿಂತು ತಿರುಗಿದ್ಲು. ನಿನ್ನ ನೋಡಿದ್ಲು. ಆಮೇಲೆ ನನ್ನ ನೋಡಿ, ಮಗೂನ್ನ ಹಿಡ್ಕೋ ಅಂದ್ಲು. ನಾನು ಹಿಡ್ಕಂಡೆ. ನೀನು ನನ್ನ ಕೈ ಕಚ್ಚಿದೆ, ರಕ್ತ ಬರೂ ಹಾಗೆ. ಆದ್ರೂ ಬಿಡಲಿಲ್ಲ ನಾನು, ದೋಣಿ ಬಂಡೆ ದಾಟೂ ತನಕ. ಬಿಟ್ಟಿದ್ರೆ ನೀನು ಅವಳ ಕಾಲಿಗೆ ಬಿದ್ದು ಅವಳು ನಿಲ್ತಿದ್ಲೋ ಏನೋ. ಇಲ್ಲಾ ನಿನ್ನನ್ನೂ ಕರ್ಕಂಡು ಹೋಗ್ತಿದ್ಲೋ. ಆ ಹೆಜ್ಜೆ ತುಂಬು ಅಂತ ನಿನಗೆ ಹೇಳೂಕೆ ನನಗೆ ಯಾವ ಬಾಯಿ?"

ನನಗೆ ಅದೊಂದೂ ನೆನಪಿರಲಿಲ್ಲ. ಅವಳು ಮನೆ ನೋಡಲು ತಿರುಗಿದಳು, ಗುಡ್ಡ ನೋಡಲು ತಿರುಗಿದಳು, ಅಜ್ಜಿ ಬರುತ್ತಿದ್ದಾಳೋ ಎಂದು ನೋಡಲು ತಿರುಗಿದಳು ಎಂದು ಮೂವತ್ತೇಳು ವರ್ಷ ಏನೇನೋ ಅಂದುಕೊಂಡಿದ್ದೆ. ಅವಳು ನೋಡಿದ್ದು ನನ್ನನ್ನು. "ಮತ್ತೆ ಎಂತ ಹೇಳಿದ್ಲು?" ಎಂದೆ. "ಏನೂ ಇಲ್ಲ. ಹೇಳಿದ್ರೆ ನಿನಗೆ ಹೇಳದೆ ಇರ್ತಿದ್ನಾ?" ಎಂದು ತೊಳಸಕ್ಕ ಅತ್ತಳು. ನಾನು ಅವಳ ಕೈಯಿಂದ ಮೊರ ತೆಗೆದುಕೊಂಡು ಉಳಿದ ಅಕ್ಕಿ ಆರಿಸಿಕೊಟ್ಟು ಮನೆಗೆ ಬಂದೆ.

ನಲವತ್ತೊಂಬತ್ತನೆಯ ದಿನ ಗೂಡಿನ ಮೇಲಿನ ಮರಳು ಸ್ವಲ್ಪ ತಗ್ಗಾಯಿತು. ಮರಿಗಳು ಚಿಪ್ಪು ಒಡೆದು ಒಳಗೇ ಮೇಲೇರುತ್ತಿವೆ ಎಂದು ಅದರ ಅರ್ಥ. ಮಧ್ಯಾಹ್ನ ಬಿಸಿಲು ಇಳಿದ ಮೇಲೆ ನಾನು ಹೋಗಿ ಕೂತೆ. ನೀರಿನ ಕಡೆಯಿಂದ ಶುರು ಮಾಡಿದೆ. ಮೂವತ್ತೊಂದು, ಮೂವತ್ತು, ಇಪ್ಪತ್ತೊಂಬತ್ತು. ಮರಳು ತುಂಬುವುದು ಕಷ್ಟವೇನಲ್ಲ. ಒಂದು ಹೆಜ್ಜೆಗೆ ನಾಲ್ಕು ಬೊಗಸೆ. ಬೆರಳ ಗುರುತು ಮೊದಲು ಮುಚ್ಚಿಹೋಗುತ್ತದೆ, ಹಿಮ್ಮಡಿ ಕೊನೆಗೆ. ಹತ್ತೊಂಬತ್ತಕ್ಕೆ ಬಂದಾಗ ಕೈ ಏಳಲಿಲ್ಲ. ಅದನ್ನು ಬಿಟ್ಟು ಹದಿನೆಂಟಕ್ಕೆ ಹೋದೆ. ಒಂದರ ತನಕ ಮುಗಿಸಿದೆ. ಊರಿನವರು ಗಾಳಿಮರದ ಹತ್ತಿರ ನಿಂತಿದ್ದರು.

ಮೋಡ ಮುಚ್ಚಿದ ಸಂಜೆ ಅದು. ಬೆಳಕು ಇನ್ನೂ ಇರುವಾಗಲೇ ಗೂಡಿನ ಮರಳು ಕುದಿದಂತೆ ಅಲುಗಾಡಿತು. ಇಸ್ಮಾಯಿಲ್ ಸಾಬರು ಬಲೆ ಬಿಡಿಸಿದರು. ಒಂದು ತಲೆ, ಎರಡು, ಆಮೇಲೆ ಒಮ್ಮೆಲೇ ಹತ್ತಿಪ್ಪತ್ತು, ಒಂದರ ಮೇಲೊಂದು ಹತ್ತಿಕೊಂಡು. ಮುಂದೆ ಬಂದ ಮರಿ ನೇರವಾಗಿ ಬಂದು ಹತ್ತೊಂಬತ್ತನೆಯ ಹೆಜ್ಜೆಯೊಳಗೆ ಬಿತ್ತು. ಬೆನ್ನಡಿಯಾಗಿ ಕಾಲು ಬಡಿಯಿತು. ಅದರ ಹಿಂದೆ ಇನ್ನೊಂದು ಬಿತ್ತು. ಈಗ ಮರಳು ಸುರಿದರೆ ಅವು ಹೂತುಹೋಗುತ್ತವೆ. ನಾನು ಮೊಣಕಾಲೂರಿ ಆ ಹೆಜ್ಜೆಯೊಳಗೆ, ಮರಿಗಳ ಅಡಿಗೆ ತೂರಿಸಿ, ನನ್ನ ಅಂಗೈ ಇಟ್ಟೆ, ಅಂಗೈಯ ಬುಡ ಅಮ್ಮನ ಹಿಮ್ಮಡಿಯಲ್ಲಿ, ಬೆರಳು ಅವಳ ಬೆರಳುಗಳಲ್ಲಿ. ಬಿದ್ದಿದ್ದ ಮರಿ ನನ್ನ ಬೆರಳನ್ನು ಊರಿ ತಿರುಗಿತು, ಮಣಿಕಟ್ಟಿನ ಮೇಲೆ ಹತ್ತಿ ಆಚೆ ಇಳಿಯಿತು. ಅದರ ಹಿಂದೆ ಎರಡನೆಯದು. ಆಮೇಲೆ ಬಂದವು ಎಷ್ಟೋ ಅದೇ ದಾರಿ ಹಿಡಿದವು. ಒದ್ದೆ ಬೀಜದಷ್ಟು ತಣ್ಣನೆಯ ಕಾಲುಗಳು. ತೋಳು ಜೋಮು ಹಿಡಿದರೂ ಕೈ ತೆಗೆಯಲಿಲ್ಲ. ತೊಳಸಕ್ಕ ನೀರಿನ ಅಂಚಿನಲ್ಲಿ ಎಣಿಸುತ್ತಿದ್ದಳು. "ನೂರಾ ಆರು!" ಎಂದು ಅವಳು ಕೂಗಿದಾಗ ಗೂಡು ಖಾಲಿಯಾಗಿತ್ತು, ಮರಳಿನ ಮೇಲೆ ಒಂದು ಮರಿಯೂ ಉಳಿದಿರಲಿಲ್ಲ. ಆಗ ಕೈ ತೆಗೆದೆ. ಅಲ್ಲಿ ಅಮ್ಮನ ಹೆಜ್ಜೆಯ ಬದಲು ನನ್ನ ಅಂಗೈ ಮೂಡಿತ್ತು. ನಾಲ್ಕು ಬೊಗಸೆ ಮರಳು ಹಾಕಿ ಸವರಿದೆ.

ಮಾರನೆಯ ಬೆಳಿಗ್ಗೆ ಹೋಗಿ ನೋಡಿದೆ. ಮರಳು ನಿಂತಿತ್ತು. ಕಾಯುವುದಕ್ಕೆ ಏನೂ ಇರಲಿಲ್ಲ. ಎಂಟು ದಿನ ಕಳೆದು ಪರವೂರಿನ ದೋಣಿ ಬಂದಾಗ ಗಣಪನಿಗೆ, "ಬಂದರಿಗೆ ಹೋಗಿ ಬರ್ತೆ" ಎಂದೆ. ಅವನು ಗಂಟು ಕಟ್ಟಿಕೊಟ್ಟ.

ಬಂದರಿನಲ್ಲಿ ಮೀನು ಒಣಗಿಸುವ ಬಯಲು ಕಣ್ಣು ಹಾಯುವಷ್ಟು ದೂರ ಇತ್ತು. ಎರಡು ದಿನ ಕೇಳುತ್ತ ಅಲೆದೆ. ಮೂರನೆಯ ದಿನ ಪಾರೋತಿ ಎಂಬ ಮುದುಕಿ ಚಾಪೆಯ ಮೇಲೆ ಮೀನು ಮಗುಚುತ್ತಿದ್ದವಳು ತಲೆ ಎತ್ತಿದಳು. "ಯಮುನೆಯಾ? ಕಿರುಬೆರಳು ಮೇಲಕ್ಕೆ ಎದ್ದವಳಲ್ವಾ?" ಎಂದಳು. ನಾನು ಚಾಪೆಯ ಅಂಚಿನಲ್ಲೇ ಕೂತುಬಿಟ್ಟೆ. ಅಮ್ಮ ಅಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದ್ದಳು. ಜ್ವರ ಬಂದು ತೀರಿಕೊಂಡು ಹತ್ತೊಂಬತ್ತು ವರ್ಷವಾಗಿತ್ತು. "ಯಾರ ಜೊತೆಗೂ ಹೆಚ್ಚು ಮಾತಿಲ್ಲ ಅವಳದ್ದು" ಎಂದಳು ಪಾರೋತಿ. "ನಿಮ್ಮ ಕಡೆಗೆ ಹೋಗಿ ಬಂದ ದೋಣಿ ಕಂಡ್ರೆ ಮಾತ್ರ ಕೆಲಸ ಬಿಟ್ಟು ಓಡ್ತಿದ್ಲು. ಒಂದೇ ಪ್ರಶ್ನೆ, ನನ್ನ ಹೆಜ್ಜೆ ಇದಾವಾ ಅಂತ. ಇದಾವೆ, ನಿನ್ನ ಮಗಳು ದಿನಾ ಬಂದು ನೋಡ್ತಾಳೆ ಅಂತಿದ್ರು ಅವ್ರು. ಅಷ್ಟು ಕೇಳಿ ತಿರುಗಿ ಬಂದು ಮೀನು ಮಗುಚೋಳು. ತಾನು ಇಲ್ಲಿರೋದು ಹೇಳ್ಬಾರ್ದು ಅಂತ ಅವ್ರ ಹತ್ರ ಆಣೆ ಹಾಕಿಸ್ಕೊಂಡಿದ್ಲು."

"ಮತ್ತೆ ಯಾಕೆ ಬರಲಿಲ್ಲ?" ಎಂದೆ.

"ನಾವೂ ಕೇಳಿದ್ದೇವೆ ಮಗಾ. ಅತ್ತೆ ಬೈತಾಳೆ ಅಂದ್ಲು ಒಂದ್ಸಲ. ಮಗಳಿಗೆ ಏನು ಹೇಳ್ಲಿ ಅಂದ್ಲು ಇನ್ನೊಂದ್ಸಲ. ಹೆಜ್ಜೆ ಇರೋ ತನಕ ದಾರಿ ಇದೆ, ಬರೋ ವರ್ಷ ಹೋಗ್ತೇನೆ ಅಂತಿದ್ಲು. ಹಾಗೇ ವರ್ಷ ಹೋಯ್ತು."

ಕೊಲ್ಲಿಯ ಈ ದಂಡೆಯಲ್ಲಿ ನಾನು, ಆ ದಂಡೆಯಲ್ಲಿ ಅವಳು. ಇಬ್ಬರೂ ಕಾದದ್ದು ಅದೇ ಮೂವತ್ತೊಂದು ಹೆಜ್ಜೆಯನ್ನು. ನಾನು ಅಲ್ಲಿಂದ ಎದ್ದು ಅವಳು ಮೀನು ಮಗುಚುತ್ತಿದ್ದ ಚಾಪೆ ಎಲ್ಲಿತ್ತೆಂದು ಕೇಳಿದೆ. ಪಾರೋತಿ ತೋರಿಸಿದ ಜಾಗದಲ್ಲಿ ಈಗ ಬೇರೆ ಯಾರದೋ ಚಾಪೆ ಇತ್ತು. ಆ ಹೆಂಗಸಿನ ಜೊತೆ ಕೂತು ಸಂಜೆಯ ತನಕ ಮೀನು ಮಗುಚಿದೆ.

ಊರಿಗೆ ತಿರುಗಿ ಬಂದಾಗ ದಂಡೆಯ ಮೇಲೆ ಮೊದಲು ಸಿಕ್ಕಿದವಳು ಕಮಲಿ. ಗಂಡನ ಹೆಜ್ಜೆಗಳ ಪಕ್ಕ ನಿಂತಿದ್ದಳು. ನನ್ನ ಮುಖ ನೋಡಿ ಅವಳಿಗೆ ಅರ್ಧ ಅರ್ಥವಾಗಿತ್ತು. "ಮಾದೇವಕ್ಕಾ, ಒಂದು ಕೇಳ್ತೆ. ಹೋದವರು ಅಲ್ಲೇ ಸತ್ತುಹೋದ್ರೆ ಹೆಜ್ಜೆ ಅಳಿಸಿ ಹೋಗ್ತದಾ, ಹಾಗೇ ಇರ್ತದಾ?" ಎಂದಳು. ಊರಿನಲ್ಲಿ ಯಾರಿಗೂ ತಿಳಿಯದ ಸಂಗತಿ ಅದು. ಹೆಜ್ಜೆ ಇದೆ, ಆದ್ದರಿಂದ ಎಲ್ಲೋ ಬದುಕಿದ್ದಾನೆ ಎಂದು ಅವಳು ನಾಲ್ಕು ವರ್ಷದಿಂದ ಅವನ ಪಾಲಿನದೂ ಸೇರಿಸಿ ಅನ್ನಕ್ಕಿಡುತ್ತಿದ್ದಳು. ಹತ್ತೊಂಬತ್ತು ವರ್ಷದ ಹಿಂದೆ ಸತ್ತವಳ ಹೆಜ್ಜೆಯನ್ನು ನಾನು ಮೊನ್ನೆ ಮೊನ್ನೆ ನನ್ನ ಕೈಯಿಂದ ತುಂಬಿದ್ದೆ. ಉತ್ತರ ಇಡೀ ಊರಿನಲ್ಲಿ ನನ್ನೊಬ್ಬಳ ಹತ್ತಿರ ಇತ್ತು.

"ಅಮ್ಮ ಸಿಗಲಿಲ್ಲ ಕಮಲಿ. ಆ ಬಂದರು ಬಿಟ್ಟು ಎಲ್ಲೋ ಮುಂದೆ ಹೋದ್ಲಂತೆ" ಎಂದೆ. "ಹಾಗಾಗಿ ನನಗೂ ಗೊತ್ತಾಗಲಿಲ್ಲ."

ಅವಳು ಉಸಿರು ಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು, ದೂರದಲ್ಲಿ ಬಲೆ ಕಟ್ಟಿದ್ದ ಹೊಸ ಗೂಡಿನ ಕಡೆ ಕೈ ತೋರಿಸಿದಳು. "ಅದು ಬರೂ ವಾರ ಏಳ್ತದಂತೆ. ಇವರ ಹೆಜ್ಜೆ ಮೇಲೇ ಹೋಗಬೇಕು ಅವು. ತುಂಬೂಕೆ ನನ್ನಿಂದ ಆಗೂದಿಲ್ಲ. ನೀ ಮಾಡ್ದ ಹಾಗೆ ಕೈ ಇಡೂದಾದ್ರೆ ಆಗ್ತದೆ. ಇಪ್ಪತ್ತಾರು ಹೆಜ್ಜೆ ಅಕ್ಕಾ, ನನ್ನ ಎರಡು ಕೈ ಎಲ್ಲಿ ಸಾಕು?"

"ಊರಲ್ಲಿ ಕೈ ಬೇಕಾದಷ್ಟು ಇದಾವೆ" ಎಂದೆ. "ಬಾ, ತೊಳಸಕ್ಕನಿಗೆ ಹೇಳೂವ."